ಪೊಸಿಷನ್ ತೆರೆದ ಕೂಡಲೇ ಎದೆ ಯಾಕೆ ಹೊಡೆದುಕೊಳ್ಳುತ್ತದೆ?

ಪ್ರಶ್ನೆ: ಸಕಲೇಶಪುರ ತಾಲ್ಲೂಕಿನವನು. ಎಂಟು ಎಕರೆ ರೋಬಸ್ಟಾ, ನಡುವೆ ಕಾಳುಮೆಣಸು. ಮೂರು ವರ್ಷದಿಂದ ಷೇರು ಸೂಚ್ಯಂಕ ನಿಫ್ಟಿಯ ಆಪ್ಷನ್ (ಅದರ ಮುಂದಿನ ಏರಿಳಿತದ ಮೇಲೆ ಹಣ ಹಾಕುವ ಒಪ್ಪಂದ) ಕೊಂಡು ಮಾರುತ್ತಿದ್ದೇನೆ. ಬಂಡವಾಳ ಮೂರು ಲಕ್ಷ. ಹೋದ ವರ್ಷ ಹೆಚ್ಚುಕಡಿಮೆ ಅಷ್ಟೇ ಕಳೆದಿದ್ದೇನೆ. ಕಾಗದದ ಮೇಲೆ ಹೇಳಿದ್ದು ಬಹುಪಾಲು ಸರಿಯಾಗುತ್ತದೆ. ದುಡ್ಡು ಹಾಕಿ ಪೊಸಿಷನ್ ತೆರೆದ ಕೂಡಲೇ ಎದೆ ಹೊಡೆದುಕೊಳ್ಳುತ್ತದೆ, ನಷ್ಟ ಮಿತಿ ಮೀರದಿರಲಿ ಎಂದು ಇಟ್ಟ ಸ್ಟಾಪ್‌ಲಾಸ್ ಕಿತ್ತುಹಾಕುತ್ತೇನೆ, ಸೋತರೆ ಎರಡರಷ್ಟು ಲಾಟ್ ಹಾಕುತ್ತೇನೆ. ತೋಟದಲ್ಲಿ ಆಳುಗಳ ಜೊತೆ ನಿಂತಿದ್ದರೂ ಕಣ್ಣು ಫೋನಿನಲ್ಲೇ. ರಾತ್ರಿ ಲಂಡನ್ ಕಾಫಿ ದರ, ಅಮೆರಿಕದ ಮಾರುಕಟ್ಟೆ ನೋಡುತ್ತ ಮಲಗುವಾಗ ಒಂದು ಗಂಟೆ ದಾಟುತ್ತದೆ. ಮನೆಯಲ್ಲಿ ಮಕ್ಕಳ ಮೇಲೆ ರೇಗುತ್ತಿದ್ದೇನೆ. ಧ್ಯಾನ ಕಲಿತರೆ ಏಕಾಗ್ರತೆ ಬರುತ್ತದೆಯೇ?

ಉತ್ತರ: ಧ್ಯಾನ ಕಲಿಯಿರಿ, ಒಳ್ಳೆಯದೇ. ಆದರೆ ನಿಮ್ಮ ಪತ್ರದಲ್ಲಿ ಉತ್ತರ ಇರುವ ಸಾಲು ಬೇರೆ. ಕಾಗದದ ಮೇಲೆ ಸರಿ, ದುಡ್ಡು ಹಾಕಿದರೆ ತಪ್ಪು ಎನ್ನುತ್ತೀರಿ. ಎರಡೂ ಕಡೆ ಚಾರ್ಟ್ ಅದೇ, ಕಣ್ಣು ಅದೇ, ತಲೆಯೂ ಅದೇ. ನಡುವೆ ಬದಲಾಗಿರುವುದು ಹಣದ ಗಾತ್ರ ಒಂದೇ. ಹಾಗಾಗಿ ಮೊದಲು ಲಾಟ್ ನೋಡೋಣ, ಮನಸ್ಸಿನ ಮಾತು ಆಮೇಲೆ.

ನಿಫ್ಟಿಯ ಒಂದು ಲಾಟ್, ಅಂದರೆ ಒಮ್ಮೆಗೆ ಕೊಳ್ಳಬೇಕಾದ ಕನಿಷ್ಠ ಕಟ್ಟು, ಈಗ 65 ಯೂನಿಟ್. ನೀವು ಯೂನಿಟ್ಟಿಗೆ 120 ರೂಪಾಯಿ ಪ್ರೀಮಿಯಂ (ಆಪ್ಷನ್ನಿನ ಬೆಲೆ) ಕೊಟ್ಟು, ನಿಫ್ಟಿ ಏರಿದರೆ ಲಾಭ ಕೊಡುವ ಒಂದು ಕಾಲ್ ಆಪ್ಷನ್ ಕೊಂಡಿರಿ, 96ಕ್ಕೆ ಸ್ಟಾಪ್ ಇಟ್ಟಿರಿ ಎನ್ನಿ. 24 ರೂಪಾಯಿ ಇಳಿದರೆ ಒಂದು ಲಾಟಿಗೆ ನಷ್ಟ 1,560. ಮೂರು ಲಕ್ಷ ಬಂಡವಾಳಕ್ಕೆ ಒಂದು ಟ್ರೇಡಿನಲ್ಲಿ ನೂರಕ್ಕೆ ಒಂದು, ಅಂದರೆ 3,000 ರೂಪಾಯಿಗಿಂತ ಹೆಚ್ಚು ಹೋಗಬಾರದು ಎಂಬ ಮಿತಿ ಹಾಕಿಕೊಂಡರೆ ನಿಮಗೆ ಸಿಗುವುದು ಒಂದೇ ಲಾಟ್. ಎರಡು ಹಾಕಿದರೆ 3,120 ಆಗಿ ಗೆರೆ ದಾಟುತ್ತದೆ. ಈಗ ಎಂಟು ಲಾಟ್ ಹಾಕಿದ್ದೀರಿ ಎಂದುಕೊಳ್ಳಿ. 520 ಯೂನಿಟ್. ಆಪ್ಷನ್ನಿನ ಡೆಲ್ಟಾ, ಅಂದರೆ ನಿಫ್ಟಿಯ ಒಂದು ಪಾಯಿಂಟಿಗೆ ಆಪ್ಷನ್ ಬೆಲೆ ಆಡುವ ಪಾಲು, ಅರ್ಧ ಇದ್ದರೆ ನಿಫ್ಟಿ ಒಂದು ಪಾಯಿಂಟ್ ಆಡಿದಾಗೆಲ್ಲ 260 ರೂಪಾಯಿ ಹೋಗಿ ಬರುತ್ತದೆ. ನಿಫ್ಟಿ ಐವತ್ತು ಪಾಯಿಂಟ್ ಅಲ್ಲಾಡುವುದು ಯಾವ ದಿನವೂ ವಿಶೇಷವಲ್ಲ, ಅಷ್ಟಕ್ಕೇ 13,000. ನಿಮ್ಮ ಕಣದಲ್ಲಿ ಅದು ಎಷ್ಟು ಆಳಿನ ಎಷ್ಟು ದಿನದ ಬಟವಾಡೆ ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. ಆ ಮೊತ್ತ ಕಣ್ಣೆದುರು ಹತ್ತು ನಿಮಿಷದಲ್ಲಿ ಹೋಗಿ ಬರುತ್ತಿರುವಾಗ ಎದೆ ಹೊಡೆದುಕೊಳ್ಳದಿದ್ದರೆ ಅದೇ ಆಶ್ಚರ್ಯ. ನಿಮ್ಮ ದೇಹ ಸರಿಯಾಗಿಯೇ ಕೆಲಸ ಮಾಡುತ್ತಿದೆ, ಹೊರಲಾಗದ ಭಾರ ಎಂದು ಹೇಳುತ್ತಿದೆ. ಅದನ್ನು ಉಸಿರಾಟದಿಂದ ಸುಮ್ಮನಾಗಿಸುವ ಮೊದಲು ಭಾರ ಇಳಿಸಿ.

ಇನ್ನು ಸೋತ ಮೇಲೆ ಎರಡರಷ್ಟು ಹಾಕುವುದು. ಇದು ಅಷ್ಟೊಂದು ಜನರನ್ನು ಮುಳುಗಿಸಿದೆ, ಹಾಗಾಗಿ ಲೆಕ್ಕವನ್ನು ಪೂರ್ತಿ ಬರೆಯುತ್ತೇನೆ. ಮೊದಲ ನಷ್ಟ 1,560. ಎರಡನೆಯದು 3,120, ಮೂರನೆಯದು 6,240, ನಾಲ್ಕನೆಯದು 12,480, ಐದನೆಯದು 24,960. ಐದು ಸೋಲಿಗೆ ಒಟ್ಟು 48,360. ಏಳಕ್ಕೆ ಹೋದರೆ 1,98,120, ಬಂಡವಾಳದ ಮೂರರಲ್ಲಿ ಎರಡು ಭಾಗ. ಸತತ ಐದು ಸೋಲು ಯಾವಾಗಲೋ ಬರುವಂಥದ್ದು ಎಂದು ನಿಮಗೆ ಅನ್ನಿಸಬಹುದು. ನಾಣ್ಯವನ್ನು ನೂರು ಸಲ ಚಿಮ್ಮಿದರೆ ಎಲ್ಲೋ ಒಂದು ಕಡೆ ಸತತ ಐದು ಸಲ ‘ಹಿಂಭಾಗ’ ಬೀಳುವ ಸಂಭವ ನೂರಕ್ಕೆ ಸುಮಾರು 81. ಅಂದರೆ ಅರ್ಧಕ್ಕರ್ಧ ಗೆಲ್ಲುವ ಒಳ್ಳೆಯ ವಿಧಾನದಲ್ಲೂ ನೂರು ಟ್ರೇಡಿನೊಳಗೆ ಐದರ ಸಾಲು ಬಂದೇ ಬರುತ್ತದೆ ಎಂದುಕೊಳ್ಳುವುದೇ ಕ್ಷೇಮ. ಒಂದೇ ಲಾಟಿನಲ್ಲಿ ನಿಂತವನಿಗೆ ಆ ಐದು ಸೋಲಿನ ಬೆಲೆ 7,800. ಅವನು ಅವತ್ತು ರಾತ್ರಿ ಊಟ ಮಾಡಿ ಮಲಗುತ್ತಾನೆ. ಅರ್ಧ ಬಂಡವಾಳ ಕಳೆದುಕೊಂಡವನು ಹಳೆಯ ಜಾಗಕ್ಕೆ ಬರಲು ಉಳಿದ ಹಣವನ್ನು ದುಪ್ಪಟ್ಟು ಮಾಡಬೇಕು. ಐದರಲ್ಲೊಂದು ಭಾಗ ಕಳೆದುಕೊಂಡವನಿಗೆ ನೂರಕ್ಕೆ 25 ಗಳಿಸಿದರೆ ಸಾಕು.

ಸ್ಟಾಪ್‌ಲಾಸ್ ಕಿತ್ತುಹಾಕುವ ಚಟ ನಿಮ್ಮೊಬ್ಬರದಲ್ಲ. ಮನಶ್ಶಾಸ್ತ್ರಜ್ಞರಾದ ಕಾಹ್ನೆಮನ್ ಮತ್ತು ಟ್ವೆರ್ಸ್ಕಿ 1979ರಲ್ಲಿ ತೋರಿಸಿದ್ದು ಇದನ್ನೇ: ನೂರು ರೂಪಾಯಿ ಸಿಕ್ಕ ಖುಷಿಗಿಂತ ನೂರು ಕಳೆದ ನೋವು ದೊಡ್ಡದು. ಎಷ್ಟು ದೊಡ್ಡದು ಎಂದರೆ ಸುಮಾರು ಎರಡರಷ್ಟು ಎಂದು ಅವರ 1992ರ ಅಂದಾಜು. ಸೋಲುವ ಭಾಗದಲ್ಲಿ ನಿಂತಾಗ ಮನುಷ್ಯ ಖಚಿತವಾದ ಸಣ್ಣ ನಷ್ಟ ಒಪ್ಪುವುದಕ್ಕಿಂತ, ತಪ್ಪಿಸಿಕೊಳ್ಳುವ ಆಸೆಗೆ ದೊಡ್ಡ ನಷ್ಟದ ಅಪಾಯವನ್ನೇ ಆರಿಸಿಕೊಳ್ಳುತ್ತಾನೆ. 96 ಹತ್ತಿರ ಬಂದಾಗ ‘ಇನ್ನೆರಡು ನಿಮಿಷ ನೋಡೋಣ, ತಿರುಗುತ್ತದೆ’ ಎನ್ನಿಸುವುದು ಇದರಿಂದಲೇ. ಆ ಗಳಿಗೆಯಲ್ಲಿ ಗಟ್ಟಿ ಮನಸ್ಸು ಮಾಡಿಕೊಳ್ಳುತ್ತೇನೆ ಎಂದು ನಂಬಿಕೊಂಡರೆ ನಡೆಯುವುದಿಲ್ಲ. ತೀರ್ಮಾನವನ್ನು ಆ ಗಳಿಗೆಗೆ ಮೊದಲೇ ಮುಗಿಸಿರಬೇಕು. ಕೊಂಡ ಆರ್ಡರ್ ಭರ್ತಿಯಾದ ಕೂಡಲೇ ಸ್ಟಾಪ್ ಆರ್ಡರ್ ವಿನಿಮಯ ಕೇಂದ್ರಕ್ಕೆ ಹೋಗಿರಬೇಕು. ತಲೆಯಲ್ಲಿಟ್ಟುಕೊಂಡ ಸ್ಟಾಪ್ ಸ್ಟಾಪ್ ಅಲ್ಲ.

ಆ ಆರ್ಡರ್ ಹಾಕುವುದರಲ್ಲೂ ಎಡವುವ ಜಾಗಗಳಿವೆ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಿಫ್ಟಿ ಆಪ್ಷನ್ ನಡೆಯುವ ವಿನಿಮಯ ಕೇಂದ್ರ ಎನ್‌ಎಸ್‌ಇ, 2021ರ ಸೆಪ್ಟೆಂಬರ್‌ನಿಂದ ಆಪ್ಷನ್‌ಗಳಿಗೆ ಸ್ಟಾಪ್‌ಲಾಸ್ ಮಾರ್ಕೆಟ್ ಆರ್ಡರನ್ನು (ಸಿಕ್ಕ ಬೆಲೆಗೆ ಮಾರುವಂಥದ್ದು) ನಿಲ್ಲಿಸಿದೆ. ಉಳಿದಿರುವುದು ಸ್ಟಾಪ್‌ಲಾಸ್ ಲಿಮಿಟ್. ಅದಕ್ಕೆ ಎರಡು ಬೆಲೆ ಕೊಡಬೇಕು: ಆರ್ಡರನ್ನು ಎಬ್ಬಿಸುವ ಟ್ರಿಗರ್ ಮತ್ತು ಅದಕ್ಕಿಂತ ಕಡಿಮೆಗೆ ಮಾರುವುದಿಲ್ಲ ಎಂಬ ಲಿಮಿಟ್. ಟ್ರಿಗರ್ 96, ಲಿಮಿಟ್ 95 ಎಂದು ಕೊಟ್ಟಿರಿ ಎನ್ನಿ. ಬೆಲೆ 97ರಿಂದ ಒಂದೇ ಏಟಿಗೆ 91ಕ್ಕೆ ಬಿದ್ದರೆ ಟ್ರಿಗರ್ ಆಗುತ್ತದೆ, ಆರ್ಡರ್ ಪುಸ್ತಕಕ್ಕೆ ಹೋಗುತ್ತದೆ, ಆದರೆ 95ಕ್ಕೆ ಕೊಳ್ಳುವವರಿಲ್ಲ. ನಿಮ್ಮ ಆರ್ಡರ್ ಅಲ್ಲೇ ಕೂತಿರುತ್ತದೆ, ಬೆಲೆ 70ಕ್ಕೆ ಹೋಗುತ್ತದೆ. ಸ್ಟಾಪ್ ಹಾಕಿದ್ದೆ, ಆದರೂ ಹೊಡೆತ ತಿಂದೆ ಎಂದು ದೂರುವವರ ಪೈಕಿ ಬಹಳ ಜನರ ಕಥೆ ಇದು. ಮಾಮೂಲಿ ದಿನ ಟ್ರಿಗರಿಗೂ ಲಿಮಿಟ್ಟಿಗೂ ನಾಲ್ಕೈದು ರೂಪಾಯಿ, ಎಕ್ಸ್‌ಪೈರಿ ದಿನ (ಆಪ್ಷನ್ನಿನ ಅವಧಿ ಮುಗಿಯುವ ದಿನ) ಮತ್ತು ದೊಡ್ಡ ಸುದ್ದಿಯ ದಿನ ಹತ್ತು ರೂಪಾಯಿ ಅಂತರ ಬಿಡಿ. ಅಂತರ ಬಿಟ್ಟ ಮಾತ್ರಕ್ಕೆ ಅಷ್ಟು ಕಡಿಮೆಗೇ ಮಾರಾಟವಾಗುವುದಿಲ್ಲ, ಆ ಕ್ಷಣ ಸಿಗುವ ಉತ್ತಮ ಬೆಲೆಗೇ ಆಗುತ್ತದೆ. ಇನ್ನೊಂದು ತಪ್ಪು: ಲಾಭದಲ್ಲಿ ಕೈಯಾರೆ ಮಾರಿ ಖುಷಿಯಲ್ಲಿ ಎದ್ದು ಹೋಗುವುದು, ಸ್ಟಾಪ್ ಆರ್ಡರ್ ಹಾಗೇ ಉಳಿಯುವುದು. ಮಧ್ಯಾಹ್ನ ಬೆಲೆ ಇಳಿದು ಅದು ಟ್ರಿಗರ್ ಆದರೆ, ಖಾತೆಯಲ್ಲಿ ಮಾರ್ಜಿನ್‌ಗೆ (ಒತ್ತೆ ಹಣಕ್ಕೆ) ಸಾಕಾಗುವಷ್ಟು ಹಣ ಇದ್ದರೆ, ನಿಮ್ಮ ಬಳಿ ಇಲ್ಲದ ಆಪ್ಷನ್ ಮಾರಾಟವಾಗಿ ಶಾರ್ಟ್ ಪೊಸಿಷನ್ ತೆರೆಯುತ್ತದೆ. ನಿಮಗೆ ಗೊತ್ತೇ ಇಲ್ಲದೆ! ಹಾಗಾಗಿ ಪೊಸಿಷನ್ ಮುಚ್ಚಿದ ಮೇಲೆ ಬಾಕಿ ಆರ್ಡರ್‌ಗಳ ಪಟ್ಟಿ ಖಾಲಿ ಇದೆಯೇ ಎಂದು ನೋಡದೆ ಫೋನ್ ಕೆಳಗಿಡಬೇಡಿ. ಇಂಥ ಆರ್ಡರ್ ಆ ದಿನಕ್ಕೆ ಮಾತ್ರ, ಮಾರುಕಟ್ಟೆ ಮುಚ್ಚಿದಾಗ ರದ್ದಾಗುತ್ತದೆ. ಪೊಸಿಷನ್ ನಾಳೆಗೆ ಉಳಿಸಿದರೆ ಬೆಳಗ್ಗೆ ಮತ್ತೆ ಹಾಕಬೇಕು.

ಸ್ಟಾಪ್ ಹಾಕಿದರೂ ರಾತ್ರೋರಾತ್ರಿ ಬೆಲೆ ಹಾರುವುದಕ್ಕೆ ಮದ್ದಿಲ್ಲ. 2024ರ ಜೂನ್ 3ರಂದು ನಿಫ್ಟಿ ನೂರಕ್ಕೆ 3ಕ್ಕಿಂತ ಹೆಚ್ಚು ಏರಿ, ಮರುದಿನ ಚುನಾವಣೆ ಫಲಿತಾಂಶಕ್ಕೆ ನೂರಕ್ಕೆ 6ರಷ್ಟು ಬಿತ್ತು. ಮೊದಲ ದಿನದ ಉತ್ಸಾಹದಲ್ಲಿ ದೊಡ್ಡ ಗಾತ್ರ ಹೊತ್ತು ಮಲಗಿದವರಿಗೆ ಮರುದಿನ ಯಾವ ಉಸಿರಾಟವೂ ನೆರವಾಗಲಿಲ್ಲ. ರಾತ್ರಿಗೆ ಉಳಿಸಿಕೊಳ್ಳುವುದಿದ್ದರೆ ಪ್ರೀಮಿಯಂ ಪೂರ್ತಿ ಸೊನ್ನೆಯಾದರೂ ಸರಿ ಎನ್ನುವಷ್ಟೇ ಉಳಿಸಿ. ನಿಮ್ಮ ಮಟ್ಟಿಗೆ ಹೇಳುವುದಾದರೆ, ಸದ್ಯಕ್ಕೆ ಉಳಿಸಲೇಬೇಡಿ.

ಈಗ ನೀವು ಕೇಳದ ಒಂದು ವಿಷಯ. ನಿಮ್ಮ ದೊಡ್ಡ ಪೊಸಿಷನ್ ನಿಫ್ಟಿಯಲ್ಲಿ ಇಲ್ಲ, ತೋಟದಲ್ಲಿದೆ. ಎಕರೆಗೆ ಇಪ್ಪತ್ತು ಮೂಟೆ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಎಂದಿಟ್ಟುಕೊಂಡರೂ ಎಂಟು ಎಕರೆಗೆ 50 ಕೆಜಿಯ 160 ಮೂಟೆ. ಮೂಟೆಗೆ 500 ರೂಪಾಯಿ ದರ ಆಚೀಚೆ ಆದರೆ 80,000. ರೋಬಸ್ಟಾ 2025ರ ಫೆಬ್ರುವರಿಯಲ್ಲಿ ಲಂಡನ್ನಿನಲ್ಲಿ ಟನ್ನಿಗೆ 5,500 ಡಾಲರ್ ದಾಟಿ ಹೋದ ಮೇಲೆ ಮಾರಿದವರಿಗೂ ಚಿಂತೆ, ಇಟ್ಟುಕೊಂಡವರಿಗೂ ಚಿಂತೆ. ಮಾರಲೋ ಬೇಡವೋ ಎಂಬ ಆ ಚಿಂತೆಯನ್ನು ಹೊತ್ತುಕೊಂಡೇ ಬೆಳಗ್ಗೆ ನಿಫ್ಟಿ ಮುಂದೆ ಕೂರುತ್ತೀರಿ. ಕಾಫಿ ದರ ಇಳಿದ ದಿನ ಅದನ್ನು ಆಪ್ಷನ್ನಿನಲ್ಲಿ ತುಂಬಿಕೊಳ್ಳಬೇಕು ಅನ್ನಿಸುತ್ತದೆ. ಎರಡಕ್ಕೂ ಸಂಬಂಧವೇ ಇಲ್ಲ, ಆದರೆ ಸೋರುವುದು ಒಂದೇ ಜೇಬಿನಿಂದ. ನಿಮ್ಮ ಟ್ರೇಡ್ ಪುಸ್ತಕವನ್ನು ಲಂಡನ್ ದರದ ಪಕ್ಕಕ್ಕಿಟ್ಟು ನೋಡಿ. ದೊಡ್ಡ ಲಾಟ್ ಹಾಕಿದ ದಿನಗಳಿಗೂ ಕಾಫಿ ಬಿದ್ದ ದಿನಗಳಿಗೂ ನಂಟು ಕಂಡರೆ ಕಾರಣ ಸಿಕ್ಕಂತೆ.

ಲಂಡನ್ ರೋಬಸ್ಟಾ ವಹಿವಾಟು ಅಲ್ಲಿನ ಸಮಯ ಬೆಳಗ್ಗೆ 9ರಿಂದ ಸಂಜೆ 5:30. ನಮಗೆ ಬೇಸಿಗೆಯಲ್ಲಿ ಮಧ್ಯಾಹ್ನ 1:30ರಿಂದ ರಾತ್ರಿ 10, ಚಳಿಗಾಲದಲ್ಲಿ ಒಂದು ಗಂಟೆ ತಡ. ಅಲ್ಲಿ ನೀವು ಟ್ರೇಡ್ ಮಾಡುವಂತೆಯೂ ಇಲ್ಲ. ವಿದೇಶಿ ವಿನಿಮಯ ಕೇಂದ್ರಗಳಿಗೆ ಮಾರ್ಜಿನ್ ಹಣ ಕಳಿಸಲು ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ (ವಿದೇಶಕ್ಕೆ ಹಣ ಕಳಿಸುವ) ನಿಯಮ ಬಿಡುವುದಿಲ್ಲ. ಅಂದಮೇಲೆ ಐದು ನಿಮಿಷಕ್ಕೊಮ್ಮೆ ನೋಡುವುದರಿಂದ ನೀವು ತೆಗೆದುಕೊಳ್ಳುವ ತೀರ್ಮಾನ ಯಾವುದು? ಯಾವುದೂ ಇಲ್ಲ. ದಿನಕ್ಕೊಮ್ಮೆ, ಬೆಳಗ್ಗೆ, ಹಿಂದಿನ ದಿನದ ಮುಕ್ತಾಯದ ಬೆಲೆ ಮತ್ತು ಕಾಫಿ ಬೋರ್ಡ್ ಪ್ರಕಟಿಸುವ ದರ ನೋಡಿ, ಪುಸ್ತಕದಲ್ಲಿ ಬರೆದು ಮುಚ್ಚಿಬಿಡಿ. ಫಸಲನ್ನು ನಾಲ್ಕು ಪಾಲು ಮಾಡಿ, ಯಾವ ಪಾಲು ಯಾವ ತಿಂಗಳು ಎಂದು ಕೊಯ್ಲಿಗೆ ಮೊದಲೇ ಗೊತ್ತುಮಾಡಿಕೊಂಡರೆ ಆ ಚಿಂತೆ ಅರ್ಧ ಇಳಿಯುತ್ತದೆ. ಅತ್ಯುತ್ತಮ ಬೆಲೆ ಸಿಗಲಿಕ್ಕಿಲ್ಲ, ಆದರೆ ನಿದ್ದೆ ಸಿಗುತ್ತದೆ.

ಹಣದ ವಿಚಾರದಲ್ಲಿ ಇನ್ನೊಂದು ಗೋಡೆ ಬೇಕು. ಬಟವಾಡೆಯ ಹಣ, ಗೊಬ್ಬರದ ಹಣ, ಮಕ್ಕಳ ಫೀಸು, ಬೆಳೆಸಾಲ, ಚಿನ್ನದ ಸಾಲ, ಇವುಗಳಲ್ಲಿ ಒಂದು ರೂಪಾಯಿಯೂ ಟ್ರೇಡಿಂಗ್ ಖಾತೆಗೆ ಹೋಗಬಾರದು. ಶನಿವಾರ ಆಳುಗಳಿಗೆ ಕೊಡಬೇಕಾದ ಹಣ ಪೊಸಿಷನ್ನಿನಲ್ಲಿ ಸಿಕ್ಕಿಕೊಂಡಿದ್ದರೆ ನೀವು ಚಾರ್ಟ್ ನೋಡಿ ತೀರ್ಮಾನ ಮಾಡುವುದಿಲ್ಲ, ಶನಿವಾರವನ್ನು ನೋಡಿ ಮಾಡುತ್ತೀರಿ. ಟ್ರೇಡಿಂಗಿಗೆ ಬೇರೆ ಬ್ಯಾಂಕ್ ಖಾತೆ ಇಡಿ, ಅದಕ್ಕೆ ಯುಪಿಐ ಜೋಡಿಸಬೇಡಿ. ಬೆಳಗ್ಗೆ ಹನ್ನೊಂದಕ್ಕೆ ರೋಷದಲ್ಲಿ ಹಣ ಹಾಕಲು ಎರಡು ಬೆರಳು ಸಾಕಾಗಬಾರದು.

ಸಮಯದ ವಿಷಯ. ನಿಫ್ಟಿ ತೆರೆಯುವುದು 9:15ಕ್ಕೆ. ಆ ಹೊತ್ತಿಗೆ ನಿಮ್ಮ ಕೊಯ್ಲಿನ ಆಳುಗಳು ಸಾಲು ಹಿಡಿದಿರುತ್ತಾರೆ. ಜನವರಿಯಿಂದ ಮಾರ್ಚ್‌ವರೆಗೆ ರೋಬಸ್ಟಾ ತೋಟದಲ್ಲಿ ಬೆಳಗ್ಗೆ ಎರಡು ಗಂಟೆ ಯಜಮಾನ ಬೇಕು. ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರಿದಾಗ ಗಮನದ ಒಂದು ಭಾಗ ಹಳೆಯದರಲ್ಲೇ ಉಳಿಯುತ್ತದೆ ಎಂದು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರೆ. ಹಣ್ಣು ಕೊಯ್ಯುವ ಸಾಲಿನಲ್ಲಿ ನಿಂತು ಫೋನ್ ನೋಡುವವನಿಗೆ ತೋಟವೂ ಅರ್ಧ, ಟ್ರೇಡೂ ಅರ್ಧ. ಹಸಿರುಕಾಯಿ ಬುಟ್ಟಿಗೆ ಬೀಳುವುದೂ ಕಾಣುವುದಿಲ್ಲ, ಸ್ಟಾಪ್ ಸರಿಯಾಗಿ ಕೂತಿಲ್ಲ ಎಂಬುದೂ ಕಾಣುವುದಿಲ್ಲ. ಅದರ ಮೇಲೆ ನಮ್ಮ ಕಡೆ ಸಿಗ್ನಲ್: ಗುಡ್ಡದ ಈ ಮಗ್ಗುಲಲ್ಲಿ ಇದೆ, ಆ ಮಗ್ಗುಲಲ್ಲಿ ಇಲ್ಲ.

ನನ್ನ ಸಲಹೆ: ಕೊಯ್ಲಿನ ತಿಂಗಳುಗಳಲ್ಲಿ ಇಂಟ್ರಾಡೇ, ಅಂದರೆ ಅಂದೇ ಕೊಂಡು ಅಂದೇ ಮಾರುವುದನ್ನು, ಪೂರ್ತಿ ಬಿಡಿ. ಉಳಿದ ತಿಂಗಳು ದಿನಕ್ಕೆ ಒಂದೇ ಕಿಟಕಿ ಇಟ್ಟುಕೊಳ್ಳಿ, 10:30ರಿಂದ 12. ಮನೆಯಲ್ಲಿ, ಕುರ್ಚಿಯ ಮೇಲೆ, ಒಂದೇ ಪರದೆ. ಮೊದಲ ಅರ್ಧ ಗಂಟೆಯ ಏರಿಳಿತ ಅನುಭವಿಗಳನ್ನೂ ಆಡಿಸುತ್ತದೆ, ಅದನ್ನು ಬಿಟ್ಟರೆ ನಷ್ಟವಿಲ್ಲ. ಎನ್‌ಎಸ್‌ಇಯಲ್ಲಿ ಮಂಗಳವಾರ ನಿಫ್ಟಿ ವಾರದ ಎಕ್ಸ್‌ಪೈರಿ. ಅವತ್ತು ಸಮಯದ ಬೆಲೆ, ಅಂದರೆ ಅವಧಿ ಉಳಿದಿದೆ ಎಂಬ ಕಾರಣಕ್ಕೆ ಆಪ್ಷನ್ನಿಗಿರುವ ಬೆಲೆ, ಮಧ್ಯಾಹ್ನದೊಳಗೆ ಕರಗುತ್ತದೆ, ಹತ್ತು ರೂಪಾಯಿಯ ಆಪ್ಷನ್ ಐವತ್ತಾದದ್ದನ್ನು ಕಂಡ ಆಸೆಗೆ ನೂರು ಸಲ ಸೊನ್ನೆಯಾದದ್ದು ಮರೆತುಹೋಗುತ್ತದೆ. ಮುಂದಿನ ಮೂರು ತಿಂಗಳು ಮಂಗಳವಾರ ಆ್ಯಪ್ ತೆರೆಯಬೇಡಿ. ಸರಕುಗಳ ವಿನಿಮಯ ಕೇಂದ್ರ ಎಂಸಿಎಕ್ಸ್‌ನಲ್ಲಿ ಕಚ್ಚಾತೈಲ, ನ್ಯಾಚುರಲ್ ಗ್ಯಾಸ್ ರಾತ್ರಿ 11:30ರವರೆಗೆ, ಚಳಿಗಾಲದಲ್ಲಿ 11:55ರವರೆಗೆ ನಡೆಯುತ್ತದೆ. ಹಗಲು ಸೋತವರು ರಾತ್ರಿ ಅಲ್ಲಿಗೆ ಹೋಗುತ್ತಾರೆ. ನಿಮ್ಮ ಖಾತೆಯ ಆ ಸೆಗ್ಮೆಂಟನ್ನೇ (ವಿಭಾಗವನ್ನೇ) ಮುಚ್ಚಿಸಿಬಿಡಿ. ಗುಜರಾತಿನ ಗಿಫ್ಟ್ ಸಿಟಿಯಲ್ಲಿ ನಡೆಯುವ ಗಿಫ್ಟ್ ನಿಫ್ಟಿ ರಾತ್ರಿ 2:45ರವರೆಗೆ ಓಡುತ್ತದೆ. ಅದನ್ನು ಬೆಳಗ್ಗೆ ಒಂಬತ್ತಕ್ಕೆ ಒಂದು ಸಲ ನೋಡಿದರೆ ಸಾಕು.

ದಿನದ ಮಿತಿ ಹೀಗಿರಲಿ: ಗರಿಷ್ಠ ಎರಡು ಟ್ರೇಡ್, ಗರಿಷ್ಠ ನಷ್ಟ 3,500. ಯಾವುದು ಮೊದಲು ಮುಟ್ಟಿದರೂ ಅವತ್ತಿಗೆ ಅಷ್ಟೇ. ಹೇಳುವುದು ಸುಲಭ, ಸೋತ ಕೈ ಮಾತು ಕೇಳುವುದಿಲ್ಲ. ಹಾಗಾಗಿ ಯಂತ್ರದ ಕೈಗೆ ಕೊಡಿ. ಹಲವು ಬ್ರೋಕರ್ ಆ್ಯಪ್‌ಗಳಲ್ಲಿ ಕಿಲ್ ಸ್ವಿಚ್ ಎಂಬ ಸೌಲಭ್ಯ ಇದೆ. ಒತ್ತಿದರೆ ಸೆಗ್ಮೆಂಟ್ ಕೆಲವು ಗಂಟೆ ಮುಚ್ಚಿಹೋಗುತ್ತದೆ, ನೀವು ಬೇಡಿಕೊಂಡರೂ ತೆರೆಯುವುದಿಲ್ಲ. ಅದು ಎಲ್ಲಿದೆ ಎಂದು ಶಾಂತವಾಗಿರುವ ಭಾನುವಾರ ಹುಡುಕಿಟ್ಟುಕೊಳ್ಳಿ, ಎಷ್ಟು ಗಂಟೆ ಮುಚ್ಚುತ್ತದೆ ಎಂದು ಓದಿಕೊಳ್ಳಿ. ಎರಡನೆಯ ಸೋಲಿನ ನಂತರದ ಮೊದಲ ಕೆಲಸ ಅದನ್ನು ಒತ್ತುವುದು. ಪೊಸಿಷನ್ ಎಲ್ಲ ಮುಚ್ಚಿ, ಬಾಕಿ ಆರ್ಡರ್ ರದ್ದು ಮಾಡಿದ ಮೇಲೆ ಒತ್ತಿ. ಹೆಂಡತಿಗೂ ಈ ಮಿತಿ ಹೇಳಿಡಿ. ತಿಂಗಳಿಗೊಮ್ಮೆ ಬ್ರೋಕರ್ ಕಳಿಸುವ ಲೆಕ್ಕಪಟ್ಟಿಯನ್ನು ಅವರ ಮುಂದಿಡಿ. ಬಚ್ಚಿಟ್ಟ ನಷ್ಟ ಎರಡು ಸಲ ಸುಡುತ್ತದೆ, ಒಮ್ಮೆ ಖಾತೆಯಲ್ಲಿ, ಒಮ್ಮೆ ಮನೆಯಲ್ಲಿ. ಮಕ್ಕಳ ಮೇಲಿನ ರೇಗಾಟದ ಬೇರು ಅಲ್ಲೇ ಇರಬಹುದು.

ದೇಹದ ಕಡೆ ಬರೋಣ. ಲಂಡನ್ನಿನ 17 ಮಂದಿ ಟ್ರೇಡರ್‌ಗಳ ಲಾಲಾರಸವನ್ನು ಎಂಟು ದಿನ ಪರೀಕ್ಷಿಸಿದ ಕೋಟ್ಸ್ ಮತ್ತು ಹರ್ಬರ್ಟ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾರುಕಟ್ಟೆಯ ಏರಿಳಿತ ಹೆಚ್ಚಾದಂತೆ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನೂ ಏರಿತ್ತು. ಅದೇ ವೃತ್ತಿಯವರಿಗೇ ಹಾಗಾದರೆ ನಮ್ಮ ನಿಮ್ಮ ಪಾಡೇನು. ಇಂಡಿಯಾ ವಿಕ್ಸ್ (ಮಾರುಕಟ್ಟೆಯ ಏರಿಳಿತ ಅಳೆಯುವ ಸೂಚ್ಯಂಕ) ದಿಢೀರನೆ ಏರಿದ ದಿನ ಲಾಟ್ ಹೆಚ್ಚಿಸಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ಟ್ರೇಡಿಗೆ ಮೊದಲು ನಾಡಿ ನೋಡಿಕೊಳ್ಳುವ ಅಭ್ಯಾಸ ಮಾಡಿ. ಬೆಳಗ್ಗೆ ಎದ್ದು ಹಾಸಿಗೆಯಲ್ಲೇ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು 15 ಸೆಕೆಂಡ್ ಎಣಿಸಿ, ನಾಲ್ಕರಿಂದ ಗುಣಿಸಿ. 18 ಬಡಿತ ಬಂದರೆ 72. ಆರ್ಡರ್ ಹಾಕುವ ಮೊದಲು ಅದೇ ಎಣಿಕೆ ಮಾಡಿ. ಬೆಳಗಿನದಕ್ಕಿಂತ ನಿಮಿಷಕ್ಕೆ 20ಕ್ಕಿಂತ ಹೆಚ್ಚು ಏರಿದ್ದರೆ, ಈಗಷ್ಟೇ ಮೆಟ್ಟಿಲು ಹತ್ತಿ ಬಂದಿಲ್ಲವಾದರೆ, ಗಾತ್ರ ದೊಡ್ಡದಾಗಿದೆ ಅಥವಾ ನೀವು ಯಾವುದನ್ನೋ ತುಂಬಿಕೊಳ್ಳಲು ಹೊರಟಿದ್ದೀರಿ. ಆ ಟ್ರೇಡ್ ಬಿಡಿ. 20 ಎಂಬ ಗೆರೆ ವೈದ್ಯಶಾಸ್ತ್ರದ್ದಲ್ಲ, ಬಳಕೆಗೆ ಬರಲಿ ಎಂದು ನಾನು ಹಾಕುವ ಗೆರೆ. ಉಸಿರಾಟಕ್ಕೆ ಸರಳ ಲೆಕ್ಕ: ಮೂಗಿನಿಂದ ನಾಲ್ಕು ಎಣಿಸುವವರೆಗೆ ಒಳಗೆ, ಆರು ಎಣಿಸುವವರೆಗೆ ಹೊರಗೆ. ನಿಮಿಷಕ್ಕೆ ಆರು ಉಸಿರು ಆಗುತ್ತದೆ. ಐದು ನಿಮಿಷ ಸಾಕು, ಕಿಟಕಿ ತೆರೆಯುವ ಮೊದಲು ಒಮ್ಮೆ, ಮುಚ್ಚಿದ ಮೇಲೆ ಒಮ್ಮೆ. ಹೊರಬಿಡುವ ಉಸಿರು ಉದ್ದವಾದಾಗ ಹೃದಯದ ಬಡಿತ ನಿಧಾನವಾಗುತ್ತದೆ. ನೀವು ಕೇಳಿದ ಧ್ಯಾನಕ್ಕೆ ಜಾಗ ಇಲ್ಲಿದೆ, ಒಂದು ಲಾಟಿನ ಜೊತೆ. ಎಂಟು ಲಾಟಿನ ಜೊತೆ ಅದಕ್ಕೆ ಕೆಲಸ ಮಾಡಲು ಆಗುವುದಿಲ್ಲ.

ಕಾಫಿ ನಾಡಿನವರಿಗೆ ಹೇಳಲು ಕಷ್ಟವಾದರೂ ಹೇಳಬೇಕು: ರೋಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇರುತ್ತದೆ. ಮನೆಯ ಕಣದ್ದೇ ಹುರಿದು ಪುಡಿ ಮಾಡಿಸಿ, ಚಿಕೋರಿ ಸೇರಿಸದೆ, ಗಟ್ಟಿ ಡಿಕಾಕ್ಷನ್ ಕುಡಿಯುವವರಿಗೆ 9ರಿಂದ 11ರೊಳಗೆ ಮೂರು ಲೋಟ ಹೋದರೆ ಎದೆಬಡಿತ, ಕೈನಡುಕ, ಚಡಪಡಿಕೆ ಮೂರೂ ಬರುತ್ತವೆ. ಭಯಕ್ಕೂ ಅದೇ ಲಕ್ಷಣ. ಯಾವುದು ಭಯ, ಯಾವುದು ಕಾಫಿ ಎಂದು ಗೊತ್ತಾಗದೆ ಒಳ್ಳೆಯ ಪೊಸಿಷನ್ನಿನಿಂದ ಓಡಿಬರುತ್ತೀರಿ. ಕಿಟಕಿಗೆ ಮೊದಲು ಒಂದು ಲೋಟ, ಅದೂ ತಿಂಡಿಯ ಜೊತೆ. ಕೆಫೀನ್ ಅರ್ಧಕ್ಕೆ ಇಳಿಯಲು ಐದು ಗಂಟೆ ಹಿಡಿಯುತ್ತದೆ. ಸಂಜೆ ಐದರ ಲೋಟದ ಅರ್ಧ ರಾತ್ರಿ ಹತ್ತಕ್ಕೂ ರಕ್ತದಲ್ಲೇ ಇರುತ್ತದೆ.

ನಿದ್ದೆಯ ಲೆಕ್ಕ ಇದಕ್ಕಿಂತ ಗಂಭೀರ. ಸತತ 17 ಗಂಟೆ ಎಚ್ಚರವಾಗಿದ್ದವರ ಕೈಚಳಕ, ರಕ್ತದಲ್ಲಿ 0.05 ಪ್ರತಿಶತ ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು ಆಸ್ಟ್ರೇಲಿಯಾದಲ್ಲಿ ಡಾಸನ್ ಮತ್ತು ರೀಡ್ 1997ರಲ್ಲಿ ತೋರಿಸಿದರು. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗೆ ಇರುವ ಮಿತಿ 0.03. ಬೆಳಗ್ಗೆ ಆರಕ್ಕೆ ಎದ್ದ ನಿಮಗೆ ರಾತ್ರಿ ಹನ್ನೊಂದಕ್ಕೆ ಹದಿನೇಳು ಗಂಟೆ ತುಂಬುತ್ತದೆ. ಆಮೇಲಿನ ಎರಡು ಗಂಟೆ ನೀವು ಪರದೆ ನೋಡಿ ಹಾಕಿಕೊಳ್ಳುವ ನಾಳೆಯ ಯೋಜನೆಗೆ ಎಷ್ಟು ಬೆಲೆ? ಹತ್ತಕ್ಕೆ ಫೋನನ್ನು ಮಲಗುವ ಕೋಣೆಯಿಂದ ಹೊರಗಿಟ್ಟು ಚಾರ್ಜಿಗೆ ಹಾಕಿ. ಐದು ಗಂಟೆಗಿಂತ ಕಡಿಮೆ ಮಲಗಿದ ಮರುದಿನ ಟ್ರೇಡ್ ಇಲ್ಲ ಎಂಬುದು ಕಾಗದದ ಮೇಲೆ ಬರೆದ ನಿಯಮವಾಗಿರಲಿ.

ಮಳೆಗಾಲದ ಒಂದು ಮಾತು. ಜೂನ್‌ನಿಂದ ಆಗಸ್ಟ್ ತನಕ ಮರ ಬಿದ್ದು ಕರೆಂಟ್ ಹೋದರೆ ಎರಡು ದಿನ ಬರದಿರಬಹುದು, ಹಿಂದೆಯೇ ಟವರ್ ಸಾಯುತ್ತದೆ. ಪೊಸಿಷನ್ ತೆರೆದಿರುವಾಗ ಸಂಪರ್ಕ ಕಡಿದುಹೋಗುವುದಕ್ಕಿಂತ ದೊಡ್ಡ ಆತಂಕ ಇಲ್ಲ. ಬೇರೆ ಕಂಪನಿಯ ಎರಡನೇ ಸಿಮ್, ಮೋಡೆಮ್ಮಿಗೆ ಸಣ್ಣ ಯುಪಿಎಸ್ ಇರಲಿ. ಬ್ರೋಕರ್‌ನ ಕರೆ ಮಾಡಿ ಆರ್ಡರ್ ಹಾಕುವ ಸಂಖ್ಯೆ ಮತ್ತು ನಿಮ್ಮ ಗ್ರಾಹಕ ಐಡಿಯನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಡಿ, ಫೋನಿನೊಳಗೆ ಅಲ್ಲ. ಸ್ಟಾಪ್ ವಿನಿಮಯ ಕೇಂದ್ರದಲ್ಲಿ ಕೂತಿದ್ದರೆ ನಿಮ್ಮ ಮನೆಯಲ್ಲಿ ಕರೆಂಟ್ ಇಲ್ಲದಿದ್ದರೂ ಅದು ಕೆಲಸ ಮಾಡುತ್ತದೆ. ಗುಡುಗು ಶುರುವಾದ ದಿನ ಹೊಸ ಪೊಸಿಷನ್ ಬೇಡ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಕಠಿಣ ಮಾತು ಬಾಕಿ ಇದೆ. ಏಕಾಗ್ರತೆ ಬಂದರೆ ಲಾಭ ಬರುತ್ತದೆ ಎಂಬ ಭರವಸೆ ಕೊಡಲಾರೆ. ಷೇರುಪೇಟೆಯ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ ಮಾಡಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟಿತು. ಮರುವರ್ಷ ಸೋತವರು ನೂರಕ್ಕೆ 91. ಇವರೆಲ್ಲರಿಗೂ ಏಕಾಗ್ರತೆ ಇರಲಿಲ್ಲ ಎನ್ನಲಾಗುವುದಿಲ್ಲ. ಬಹುಪಾಲು ಜನರ ವಿಧಾನದಲ್ಲೇ ಲಾಭ ಇರಲಿಲ್ಲ.

ನಿಮ್ಮ ವಿಧಾನದಲ್ಲಿ ಇದೆಯೇ ಎಂದು ನೋಡಲು ಹಳೆಯ ನೂರು ಟ್ರೇಡ್ ತೆಗೆದು ಒಂದು ಲಾಟಿಗೆ ಇಳಿಸಿ ಕೂಡಿ. ಉದಾಹರಣೆಗೆ 42 ಗೆಲುವು, ಸರಾಸರಿ 1,900; 58 ಸೋಲು, ಸರಾಸರಿ 1,560. ಬಂದದ್ದು 79,800, ಹೋದದ್ದು 90,480. ಖರ್ಚಿಗೆ ಮೊದಲೇ 10,680 ನಷ್ಟ. ಆರ್ಡರಿಗೆ 20 ರೂಪಾಯಿ ಬ್ರೋಕರೇಜ್ ಎಂದರೆ ಕೊಳ್ಳಲು ಮಾರಲು 40, ಅದರ ಮೇಲೆ ನೂರಕ್ಕೆ 18 ಜಿಎಸ್‌ಟಿ, ಒಟ್ಟು 47.20; ನೂರು ಟ್ರೇಡಿಗೆ 4,720. ಎಸ್‌ಟಿಟಿ ಎಂಬ ವಹಿವಾಟು ತೆರಿಗೆ, ವಿನಿಮಯ ಕೇಂದ್ರದ ಶುಲ್ಕ ಬೇರೆ. ದಿನಕ್ಕೆ ಹತ್ತು ಟ್ರೇಡ್ ಮಾಡುವವರು ತಿಂಗಳಿಗೆ ಇಪ್ಪತ್ತು ದಿನಕ್ಕೆ 9,440 ರೂಪಾಯಿ ಬರೀ ಬ್ರೋಕರೇಜಿಗೆ ಮತ್ತು ಅದರ ಜಿಎಸ್‌ಟಿಗೆ ತೆರುತ್ತಾರೆ. ನಿಮ್ಮ ಕೂಡುಲೆಕ್ಕ ಹೀಗೆ ಬಂದರೆ ಆಪ್ಷನ್ ನಿಲ್ಲಿಸಿ. ‘ಕಾಗದದ ಮೇಲೆ ಸರಿ’ ಎಂಬುದು ನೆನಪಿನ ಮಾತು. ನೆನಪು ಗೆದ್ದದ್ದನ್ನು ಇಟ್ಟುಕೊಳ್ಳುತ್ತದೆ. ದಿನಾಂಕ, ಬೆಲೆ ಬರೆದಿಟ್ಟ ಕಾಗದ ಇದ್ದರೆ ಮಾತ್ರ ಅದನ್ನು ನಂಬಿ. ಮಾರುಕಟ್ಟೆಯಲ್ಲಿ ಇರಲೇಬೇಕು ಎಂದಿದ್ದರೆ, ಸಂಜೆ ಕೂತು ನೋಡಿ ಮರುದಿನ ಡೆಲಿವರಿಗೆ ಕೊಳ್ಳುವ ಷೇರು ಅಥವಾ ನಿಫ್ಟಿ ಇಟಿಎಫ್ (ಷೇರಿನಂತೆ ಕೊಳ್ಳುವ ನಿಧಿ) ತೋಟದ ಬದುಕಿಗೆ ಹೊಂದುತ್ತದೆ. ಹೂಮಳೆಗೆ ಕಾಯಲು ಗೊತ್ತಿರುವವರಿಗೆ ಆ ವೇಗ ಹೊಸದಲ್ಲ. ಟೆಲಿಗ್ರಾಂ ಟಿಪ್ಸ್ ಗುಂಪುಗಳಿಂದ ಇವತ್ತೇ ಹೊರಬನ್ನಿ, ಅದಕ್ಕೆ ವಿವರಣೆ ಬೇಕಿಲ್ಲ.

ಒಂದು ಎಚ್ಚರಿಕೆ. ನಷ್ಟ ಮುಚ್ಚಲು ಸಾಲ ಮಾಡುತ್ತಿದ್ದರೆ, ನಿಲ್ಲಿಸಬೇಕೆಂದುಕೊಂಡರೂ ನಿಲ್ಲಿಸಲಾಗದಿದ್ದರೆ, ವಾರಗಟ್ಟಲೆ ನಿದ್ದೆ ಬರದಿದ್ದರೆ, ಬದುಕುವುದೇ ಬೇಡ ಎಂಬ ಯೋಚನೆ ಒಮ್ಮೆಯಾದರೂ ಸುಳಿದಿದ್ದರೆ ಇದು ಟ್ರೇಡಿಂಗ್ ಶಿಸ್ತಿನ ಪ್ರಶ್ನೆಯಾಗಿ ಉಳಿದಿಲ್ಲ. 14416ಕ್ಕೆ ಕರೆ ಮಾಡಿ. ಅದು ಟೆಲಿ ಮನಸ್, ಸರ್ಕಾರದ ಉಚಿತ ಸಹಾಯವಾಣಿ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಮನೋವೈದ್ಯರನ್ನು ಕಾಣಲು ಸಂಕೋಚ ಬೇಡ. ಬಿಪಿಗೆ ಹೋಗುವಂತೆಯೇ ಹೋಗಿ.

ಇಷ್ಟಾಗಿ ಲೆಕ್ಕ ನಿಮ್ಮ ಪರವಾಗಿ ಬಂದು ಮುಂದುವರಿಯುವುದಾದರೆ, ಮುಂದಿನ 30 ಟ್ರೇಡ್ ಒಂದೇ ಲಾಟಿನಲ್ಲಿ ಮಾಡಿ. ಇನ್ನೂರು ಪುಟದ ನೋಟ್‌ಬುಕ್ ತಂದು ಪ್ರತಿ ಟ್ರೇಡಿಗೆ ಒಂದು ಸಾಲು ಬರೆಯಿರಿ: ಹಾಕುವ ಮೊದಲಿನ ಕಾರಣ ಐದೇ ಪದಗಳಲ್ಲಿ, ಕೊಂಡ ಬೆಲೆ, ಸ್ಟಾಪ್, ನಾಡಿ, ಹಿಂದಿನ ರಾತ್ರಿಯ ನಿದ್ದೆ ಎಷ್ಟು ಗಂಟೆ, ಹೊರಬಂದ ಬೆಲೆ, ಕೊನೆಯಲ್ಲಿ ಸ್ಟಾಪ್ ಮುಟ್ಟಿದೆನೇ ಇಲ್ಲವೇ ಎಂಬುದಕ್ಕೆ ಒಂದು ಗುರುತು. ಲಾಭನಷ್ಟದ ಕಾಲಂ ಬೇಡ, ಅದನ್ನು ಬ್ರೋಕರ್ ಬರೆದಿಡುತ್ತಾನೆ. ಮೂವತ್ತು ತುಂಬಿದ ಮೇಲೆ ಕೊನೆಯ ಕಾಲಂ ಎಣಿಸಿ. ಸ್ಟಾಪನ್ನು ಒಂದು ಸಲವಾದರೂ ಕೆಳಕ್ಕೆ ಸರಿಸಿದ್ದರೆ ಎಣಿಕೆ ಮತ್ತೆ ಒಂದರಿಂದ ಶುರು. ಒಮ್ಮೆಯೂ ಮುಟ್ಟದೆ ಮೂವತ್ತು ಮುಗಿದಿದ್ದರೆ, ಖರ್ಚು ಕಳೆದು ಖಾತೆ ಇಳಿದಿಲ್ಲದಿದ್ದರೆ, ಎರಡನೆಯ ಲಾಟಿನ ಬಗ್ಗೆ ಯೋಚಿಸಬಹುದು. ಆದರೆ 24 ರೂಪಾಯಿಯ ಸ್ಟಾಪ್‌ಗೆ ಎರಡು ಲಾಟ್ ಎಂದರೆ 3,120. ನಿಮ್ಮ ಮಿತಿ 3,000. ಸ್ಟಾಪ್ 23ರೊಳಗೆ ಕೂರುವ ಟ್ರೇಡಿಗೆ ಕಾಯಬೇಕು, ಇಲ್ಲವೇ ಖಾತೆ 3,12,000 ಆಗುವವರೆಗೆ.